ಪಂಪ್ ಸುಮ್ಮನಿದ್ದರೆ ಮಾತ್ರ ನಲ್ಲಿ ಕೆಲಸ ಮುಗಿದ ಹಾಗೆ

ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಹತ್ತಿರ ಒಂದು ಆರ್‌ವಿ (ಒಳಗೇ ಅಡುಗೆಮನೆ, ಹಾಸಿಗೆ ಇರುವ ಪ್ರವಾಸದ ಗಾಡಿ) ರಿಪೇರಿ ಶಾಪ್‌ನಲ್ಲಿ ನನ್ನ ಕೆಲಸ. ಈ ದೇಶದ ಆರ್‌ವಿಗಳಲ್ಲಿ ಬಹುಪಾಲು ತಯಾರಾಗುವುದು ಈ ಊರಿನ ಸುತ್ತಮುತ್ತಲೇ. ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಅಡುಗೆಮನೆ ನಲ್ಲಿ ಬದಲಿಸುವ ಕೆಲಸ ಜಾಸ್ತಿ. ಚಳಿಗಾಲಕ್ಕೆ ಮುಂಚೆ ಪೈಪ್‌ಗಳನ್ನು ಪೂರ್ತಿ ಖಾಲಿ ಮಾಡದೆ ಗಾಡಿ ನಿಲ್ಲಿಸಿರುತ್ತಾರೆ. ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಪ್ಲಾಸ್ಟಿಕ್ ನಲ್ಲಿ ಸೀಳುತ್ತದೆ. ಮತ್ತೆ ನೀರು ಬಿಟ್ಟಾಗಲೇ ಅದು ಗೊತ್ತಾಗುವುದು.

ಬೆಂಗಳೂರಿನ ಮನೆಯಲ್ಲಾದರೆ ಸಿಂಕ್ ಕೆಳಗೆ ಆ್ಯಂಗಲ್ ಕಾಕ್ ಇರುತ್ತದೆ, ತಿರುಗಿಸಿದರೆ ನೀರು ನಿಂತಿತು. ಹೆಚ್ಚಿನ ಆರ್‌ವಿಗಳಲ್ಲಿ ಅದು ಇರುವುದಿಲ್ಲ. ನೀರು ಬರುವುದು ಎರಡು ದಾರಿಯಿಂದ: ಗಾಡಿಯದೇ ಟ್ಯಾಂಕ್‌ನಿಂದ 12 ವೋಲ್ಟ್ ಪಂಪ್ ಮೂಲಕ, ಇಲ್ಲವೇ ಕ್ಯಾಂಪ್‌ಗ್ರೌಂಡ್‌ನ ಹೋಸ್ ಮೂಲಕ. ಎರಡನ್ನೂ ನಿಲ್ಲಿಸಬೇಕು. ವಾಟರ್ ಹೀಟರ್ ಕೂಡ ಆಫ್ ಆಗಿರಬೇಕು. ಹೀಟರ್‌ನ ಟ್ಯಾಂಕ್ ಖಾಲಿ ಇದ್ದಾಗ ಅದಕ್ಕೆ ಕರೆಂಟ್ ಹರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಆಮೇಲೆ ನಲ್ಲಿಗಳನ್ನು ತೆರೆದು ಒತ್ತಡ ಇಳಿಸಿ, ಸಿಂಕ್ ಕೆಳಗೆ ಕೈ ಹಾಕಬೇಕು.

ಮನೆಗೆ ಹಾಕುವ ಹಿತ್ತಾಳೆ ನಲ್ಲಿ ಇಲ್ಲೂ ಸಾಮಾನ್ಯವಾಗಿ ಕೂರುತ್ತದೆ. ತೂತುಗಳ ನಡುವಿನ ಅಂತರ ಹೊಸ ನಲ್ಲಿಗೆ ಹೊಂದುತ್ತದೆಯಾ ಅಂತ ಅಳೆದು ನೋಡಿದರೆ ಆಯ್ತು. ಎತ್ತರವನ್ನೂ ನೋಡಿ. ಬಾಗಿದ ಕೊಕ್ಕಿನ ಎತ್ತರದ ನಲ್ಲಿ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಸ್ಲೈಡ್‌ಔಟ್ (ಗಾಡಿ ನಿಲ್ಲಿಸಿದಾಗ ಹೊರಕ್ಕೆ ಚಾಚುವ ಭಾಗ) ಒಳಕ್ಕೆ ಎಳೆದಾಗ ಅದು ಎದುರಿನ ಕಪಾಟಿಗೆ ತಾಗುತ್ತದೆ ಎಂದು ಗೊತ್ತಾದಾಗ ತಡವಾಗಿರುತ್ತದೆ. ಹೊರಗೆಳೆಯುವ ಸ್ಪ್ರೇ ಇದ್ದರೆ ಅದರ ಪೈಪಿಗೆ ಕಟ್ಟಿದ ತೂಕದ ಗುಂಡು ಮೇಲೆ ಕೆಳಗೆ ಓಡಾಡಲು ಕೆಳಗೆ ಜಾಗ ಬೇಕು. ಅಲ್ಲಿ ಡ್ರಾಯರ್ ಇದ್ದರೆ ಆ ಮಾದರಿ ಬೇಡವೇ ಬೇಡ.

ಜೋಡಿಸುವಾಗ ನಮ್ಮ ಶಾಪ್‌ಗೆ ಹೊಸದಾಗಿ ಬಂದ ಹುಡುಗರಿಗೆ ಒಂದು ಮಾತು ಹೇಳುತ್ತೇನೆ: ಪ್ಲಾಸ್ಟಿಕ್ ನಟ್ ಮೇಲೆ ಬಲ ತೋರಿಸಬೇಡಿ. ಒಳಗಿನ ರಬ್ಬರ್ ವಾಷರ್ ನೀರು ತಡೆಯುತ್ತದೆ, ಅಲ್ಲಿ ಟೆಫ್ಲಾನ್ ಟೇಪ್ ಬೇಕಾಗಿಲ್ಲ. ಕೈಯಲ್ಲಿ ಬಿಗಿ ಮಾಡಿ, ಇನ್ನು ಕಾಲು ಸುತ್ತು ಸಾಕು. ಸ್ಪ್ಯಾನರ್‌ನಿಂದ ಜೋರಾಗಿ ಒತ್ತಿದರೆ ನಟ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಶಾಪ್‌ನಲ್ಲಿ ಅದು ಒಂದು ಹನಿಯೂ ಸೋರದೆ ಇರಬಹುದು. ಗಾಡಿ ರಸ್ತೆಯಲ್ಲಿ ಅಲುಗಾಡಿದಾಗ ಬಾಯಿ ಬಿಡುತ್ತದೆ.

ಹಾಗಾಗಿ ನಲ್ಲಿಯಲ್ಲಿ ನೀರು ಬಂದ ತಕ್ಷಣ ಕೆಲಸ ಮುಗಿಯಿತು ಎಂದು ನಾನು ಒಪ್ಪುವುದಿಲ್ಲ. ಎಲ್ಲಾ ನಲ್ಲಿ ಮುಚ್ಚಿ ಪಂಪ್ ಆನ್ ಮಾಡುತ್ತೇನೆ. ಒತ್ತಡ ಸುಮಾರು 50 ಪಿಎಸ್‌ಐ (ಒತ್ತಡ ಅಳೆಯುವ ಮಾನ) ಮುಟ್ಟಿದಾಗ ಪಂಪ್ ತಾನೇ ನಿಲ್ಲುತ್ತದೆ. ಆಮೇಲೆ ಅರ್ಧ ಗಂಟೆ ಯಾರೂ ನೀರು ಮುಟ್ಟಬಾರದು. ಎಲ್ಲವೂ ಸರಿ ಇದ್ದರೆ ಪಂಪ್ ಸದ್ದೇ ಮಾಡುವುದಿಲ್ಲ. ಮಧ್ಯೆ ಒಮ್ಮೆ 'ಬುರ್ರ್' ಅಂದರೂ ಎಲ್ಲೋ ಒತ್ತಡ ಇಳಿಯುತ್ತಿದೆ ಎಂದೇ ಅರ್ಥ. ಆಗ ಟಿಶ್ಯೂ ಕಾಗದ ತೆಗೆದುಕೊಂಡು ಪ್ರತಿ ಜಾಯಿಂಟ್ ಒರೆಸುತ್ತೇನೆ. ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಾಣುತ್ತದೆ. ಸಿಂಕ್ ಕೆಳಗೆ ಒಣಗಿಯೇ ಇದ್ದರೆ ಟಾಯ್ಲೆಟ್‌ನ ವಾಲ್ವ್ ನೋಡುತ್ತೇನೆ, ಎಷ್ಟೋ ಸಲ ಸೋರುವುದು ಅದೇ.

ಮುಂದಿನ ಪರೀಕ್ಷೆ ಹೋಸ್ ಹಾಕಿ. ಕೆಲವು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಒತ್ತಡ 80 ಪಿಎಸ್‌ಐ ದಾಟುತ್ತದೆ. ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ಹೋಸ್ ಜೋಡಿಸಬೇಡಿ ಎಂದು ಗ್ರಾಹಕರಿಗೆ ಪ್ರತಿ ಸಲವೂ ಹೇಳುತ್ತೇನೆ. ಕೊನೆಗೆ ಗಾಡಿಯನ್ನು ಹಳ್ಳ ದಿಣ್ಣೆಯ ರಸ್ತೆಯಲ್ಲಿ ಓಡಿಸಿಕೊಂಡು ಬಂದು ಮತ್ತೆ ಕಾಗದ ಹಿಡಿಯುತ್ತೇನೆ.

ಇಷ್ಟಕ್ಕೆಲ್ಲ ಯಾಕೆ ದುಡ್ಡು ಕೊಡಬೇಕು ಅಂತ ಕೆಲವರು ಕೇಳುತ್ತಾರೆ. ಅವರಿಗೆ ಕೆಳಗಿನ ನೆಲ ತೋರಿಸುತ್ತೇನೆ. ಅದು ಪ್ಲೈವುಡ್, ಎಷ್ಟೋ ಗಾಡಿಗಳಲ್ಲಿ ಪುಡಿಮರದ ಹಲಗೆ. ದಿನಕ್ಕೆ ನಾಲ್ಕು ಹನಿ ಬಿದ್ದರೂ ವಿನೈಲ್ ಹಾಸಿನ ಕೆಳಗೆ ಅದು ಸುಮ್ನೆ ಕೊಳೆಯುತ್ತಾ ಹೋಗುತ್ತದೆ. ಕಾಲಿಗೆ ಮೆತ್ತಗೆ ಅನ್ನಿಸುವ ಹೊತ್ತಿಗೆ ಕಪಾಟು ಬಿಚ್ಚಿ ನೆಲ ಕತ್ತರಿಸಬೇಕಾಗುತ್ತದೆ. ಆ ಖರ್ಚಿನ ಮುಂದೆ ಹೊಸ ನಲ್ಲಿಯ ಬೆಲೆ ಏನೇನೂ ಅಲ್ಲ.

ಕೀ ಕೊಡುವಾಗ ಹೇಳುವುದು ಇಷ್ಟು: ಮೊದಲ ವಾರ ಸಿಂಕ್ ಕೆಳಗೆ ಒಂದು ಒಣ ಪೇಪರ್ ಹಾಸಿಡಿ, ಗಾಡಿ ನಿಲ್ಲಿಸಿದಾಗಲೆಲ್ಲ ನೋಡಿ. ಯಾರೂ ನೀರು ಬಳಸದೆ ಪಂಪ್ ಓಡಿದರೆ ಮೊದಲು ಅದನ್ನು ಆಫ್ ಮಾಡಿ, ಆಮೇಲೆ ನಮಗೆ ಫೋನ್ ಮಾಡಿ.