ಅಪ್ಪ ತೋಟ ಮಾರಿ ಹಾಕಿಸಿದ ರಾಡು

ಬೆಳಗ್ಗೆ ನೆಟ್ಟಗಿರುವ ಮೈ ಮೂರನೇ ಪೀರಿಯಡ್ ಹೊತ್ತಿಗೆ ಮುಂದಕ್ಕೆ ಬಾಗಿಬಿಡುತ್ತದೆ. ಎಡಗೈ ಮೇಜಿಗೆ ಊರಿ ಬಲಗೈಯಲ್ಲಿ ಬರೆಯುತ್ತೇನೆ. ಬೋರ್ಡಿನ ಮೇಲರ್ಧ ಬಳಸದೆ ಎರಡು ವರ್ಷವಾಯಿತು. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ಬರೆದುಕೊಳ್ಳುತ್ತಾರೆ. ಒಬ್ಬರೂ ಏಕೆಂದು ಕೇಳಿಲ್ಲ.

1987ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ನನ್ನ ಬೆನ್ನಿಗೆ ಹ್ಯಾರಿಂಗ್ಟನ್ ರಾಡ್ ಹಾಕಿದರು. ಹ್ಯೂಸ್ಟನ್ನಿನ ಡಾಕ್ಟರ್ ಪಾಲ್ ಹ್ಯಾರಿಂಗ್ಟನ್ 1950ರ ದಶಕದಲ್ಲಿ ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗಾಗಿ ರೂಪಿಸಿದ ಸ್ಟೀಲ್ ಸರಳು ಅದು. ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ, ನಡುವೆ ಜಾಕ್ ಎತ್ತಿದ ಹಾಗೆ ಎಳೆದು ಹಿಡಿಯುವುದು. ನನ್ನ 62 ಡಿಗ್ರಿ ಸೊಟ್ಟ 30ಕ್ಕೆ ಇಳಿಯಿತು. ಆಮೇಲೆ ಆರು ತಿಂಗಳು ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್. ತಿಪಟೂರಿನ ಬೇಸಿಗೆಯಲ್ಲಿ ಅದರೊಳಗೆ ಕೆರೆತ ಬಂದರೆ ಅಮ್ಮ ಹೆಣಿಗೆ ಕಡ್ಡಿ ತೂರಿಸಿ ಕೆರೆಯುತ್ತಿದ್ದಳು. ಖರ್ಚಿಗೆ ಅಪ್ಪ ಅರ್ಧ ಎಕರೆ ತೆಂಗಿನ ತೋಟ ಮಾರಿದ್ದರು.

ಆ ರಾಡು ಪಕ್ಕದ ಸೊಟ್ಟವನ್ನು ಹಿಡಿಯಿತು, ಆದರೆ ಎಳೆದ ಎಳೆತಕ್ಕೆ ಸೊಂಟದಲ್ಲಿ ಇರಬೇಕಾದ ಒಳಬಾಗು ಚಪ್ಪಟೆಯಾಯಿತು. ವಯಸ್ಸಿರುವಾಗ ಕೆಳಗೆ ಉಳಿದ ಎರಡು ಡಿಸ್ಕುಗಳು ಆ ಕೊರತೆಯನ್ನು ತುಂಬಿಕೊಟ್ಟವು. ಈಗ ಅವು ಸವೆದಿವೆ, ಅದಕ್ಕೇ ಮೈ ಮುಂದಕ್ಕೆ ಬಾಗುತ್ತದೆ. ಇದಕ್ಕೆ ಡಾಕ್ಟರುಗಳು ಫ್ಲಾಟ್‌ಬ್ಯಾಕ್ ಅನ್ನುತ್ತಾರೆ. ಈ ಹೆಸರು ಕಿವಿಗೆ ಬೀಳಲು ನನಗೆ ಮೂವರು ಡಾಕ್ಟರುಗಳು ಬೇಕಾದರು.

ಮೊದಲನೆಯವರು ಮಲಗಿಸಿ ತೆಗೆದ ಎಂಆರ್‌ಐ ಒಂದನ್ನೇ ನೋಡಿದರು. ಸ್ಟೀಲ್ ಇರುವ ಕಡೆಯೆಲ್ಲ ಚಿತ್ರ ಕಪ್ಪು ಮಸಿ. ಕೆಳಗಿನ ಡಿಸ್ಕ್ ಹೋಗಿದೆ, ನಾಲ್ಕು ಸ್ಕ್ರೂ ಹಾಕೋಣ, ಮುಂದಿನ ವಾರ ಬನ್ನಿ ಎಂದರು. ನಾನು ನಿಂತದ್ದನ್ನು ಅವರು ನೋಡಲೇ ಇಲ್ಲ. ಎರಡನೆಯವರು ಈ ವಯಸ್ಸಿಗೆ ಇದನ್ನು ಕೆದಕಬೇಡಿ ಎಂದು ಮಾತ್ರೆ ಬರೆದುಕೊಟ್ಟರು.

ಮೂರನೆಯವರು ಬೆಂಗಳೂರಿನವರು. ಬರಿಗಾಲಲ್ಲಿ ವೆರಾಂಡದಲ್ಲಿ ಹತ್ತು ನಿಮಿಷ ನಡೆಸಿದರು. ತಲೆಯಿಂದ ತೊಡೆಯವರೆಗೆ ಒಂದೇ ಫಿಲ್ಮಿನಲ್ಲಿ, ನಿಂತ ಎಕ್ಸ್-ರೇ, ಮಂಡಿ ಮಡಚಬಾರದು. ಹಾಗೆ ನಿಲ್ಲುವುದಕ್ಕೇ ಕಣ್ಣಲ್ಲಿ ನೀರು ಬಂತು. ಗಾರೆಯವರು ಗೋಡೆಗೆ ದಾರದ ತೂಕದ ಗುಂಡು ಇಳಿಬಿಡುವ ಹಾಗೆ ಕುತ್ತಿಗೆಯ ಬುಡದಿಂದ ಗೆರೆ ಎಳೆದು ತೋರಿಸಿದರು: ಬೆನ್ನುಮೂಳೆಯ ಬುಡದಿಂದ 5 ಸೆಂಟಿಮೀಟರ್ ಒಳಗೆ ಬೀಳಬೇಕಾದ್ದು 11 ಸೆಂಟಿಮೀಟರ್ ಮುಂದೆ ಬಿದ್ದಿತ್ತು. ಸೊಂಟದ ಒಳಬಾಗು 14 ಡಿಗ್ರಿ, ನನ್ನ ಮೈಕಟ್ಟಿಗೆ 45ರ ಮೇಲಿರಬೇಕು. ಅಷ್ಟು ದಿನ ಸೋಮಾರಿತನ, ವಯಸ್ಸು, ತೂಕ ಎಂದೆಲ್ಲ ಹೇಳಿಸಿಕೊಂಡವಳಿಗೆ ಆ ಒಂದು ಗೆರೆ ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳಲಾರೆ.

ಮಾಡಬೇಕಾದದ್ದನ್ನೂ ಅವರು ಮುಚ್ಚಿಡದೆ ಹೇಳಿದರು. ಸೊಂಟದ ಮೂರನೇ ಮೂಳೆಯಿಂದ ಕಲ್ಲಂಗಡಿ ಹೋಳಿನಾಕಾರದ ತುಂಡು ತೆಗೆದು, ಆ ಸಂದಿನ ಬಾಯಿ ಮುಚ್ಚಿ, 30 ಡಿಗ್ರಿಯಷ್ಟು ಬಾಗು ತರುವುದು. ಸ್ಕ್ರೂಗಳು ಕಟಿಮೂಳೆಯವರೆಗೆ, ಅಂದರೆ ಬೆನ್ನುಮೂಳೆಯ ಕೆಳಗಿನ ಬಟ್ಟಲಿನಾಕಾರದ ಮೂಳೆಯವರೆಗೆ. ಎಂಟರಿಂದ ಹತ್ತು ಗಂಟೆ. ನರಗಳ ಮೇಲೆ ಉದ್ದಕ್ಕೂ ಯಂತ್ರದ ನಿಗಾ ಇದ್ದರೂ ಕಾಲಿನ ಬಲ ಕುಗ್ಗಬಹುದು. ರಕ್ತ ಹೆಚ್ಚು ಹೋಗುತ್ತದೆ. ಮೂಳೆ ಕೂಡದಿದ್ದರೆ ಹೊಸ ರಾಡು ಮುರಿದು ಇನ್ನೊಮ್ಮೆ ಕೊಯ್ಯಬೇಕಾಗಬಹುದು. ನಿಮ್ಮ ಕೈಯಲ್ಲಿ ಹೀಗೆ ಆದವರಿದ್ದಾರಾ ಎಂದು ಕೇಳಿದೆ. ಇದ್ದಾರೆ ಎಂದು, ಏನಾಯಿತು, ಆಮೇಲೆ ಏನು ಮಾಡಿದೆವು ಎಂದೂ ವಿವರಿಸಿದರು. ಮಾಡಿಸಿದರೆ ಇವರ ಹತ್ತಿರವೇ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಮಾಡಿಸುವುದೋ ಬೇಡವೋ ಎಂಬುದಕ್ಕೆ ಮಾತ್ರ ಏಳು ತಿಂಗಳು ಹಿಡಿಯಿತು. ಸಾವಿನ ಭಯ ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ನೆಲ. ಕಟಿಗೆ ಬಿಗಿದ ಮೇಲೆ ಸೊಂಟದಲ್ಲಿ ಎಳ್ಳಷ್ಟೂ ಬಗ್ಗುವಿಕೆ ಇರುವುದಿಲ್ಲ. ಪಂಕ್ತಿಯಲ್ಲಿ ಕೂತು ಉಣ್ಣುವುದು, ಹೊಸ್ತಿಲ ರಂಗೋಲಿ, ಕಾಲುಗುರು ತೆಗೆಯುವುದು, ಊರಿನ ಮನೆಯ ಕಕ್ಕಸು. ಶೌಚದ ನಂತರ ತೊಳೆದುಕೊಳ್ಳಲು ಕೈ ಎಟುಕುತ್ತದೆಯೇ? ಇದನ್ನು ಗಂಡಸು ಡಾಕ್ಟರ ಹತ್ತಿರ ಕೇಳಲು ಬಾಯಿ ಬರಲಿಲ್ಲ. ಅವರ ನರ್ಸ್ ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡು, ಇದೇ ಆಪರೇಷನ್ ಆದ ಮಂಡ್ಯದ ಹೆಂಗಸೊಬ್ಬರನ್ನು ಒಪ್ಪಿಸಿ ಮಾತಾಡಿಸಿದರು.

ಅವರ ಮನೆಗೆ ಹೋಗಿದ್ದೆ. ಎತ್ತರದ ಕಮೋಡು, ಪಕ್ಕದಲ್ಲಿ ನೀರಿನ ಪೈಪು. ದಿನಬಳಕೆಯ ಡಬ್ಬಿಗಳೆಲ್ಲ ಸೊಂಟದ ಎತ್ತರದ ಶೆಲ್ಫಿನಲ್ಲಿ. ಬಿದ್ದದ್ದನ್ನು ಎತ್ತಲು ತುದಿಯಲ್ಲಿ ಇಕ್ಕಳವಿರುವ ಕೋಲು. "ಮೊದಲ ಆರು ತಿಂಗಳು ಯಾಕಾದ್ರೂ ಮಾಡಿಸ್ಕೊಂಡೆ ಅಂತ ಅತ್ತಿದ್ದೀನಿ ಕಣಮ್ಮ," ಎಂದರು. ಆಮೇಲೆ ನನ್ನನ್ನು ಗೇಟಿನವರೆಗೆ ಬಿಡಲು ಬಂದರು. ಅವರು ನನ್ನ ಕಣ್ಣು ನೋಡಿ ಮಾತಾಡುತ್ತಿದ್ದರು, ನಾನು ಅವರ ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದೆ. ಬಸ್ಸಿನಲ್ಲಿ ಕೂತು ನಮ್ಮನೆಯವರಿಗೆ ಫೋನ್ ಮಾಡಿ, ಮಾಡಿಸ್ತೀನಿ ರೀ ಎಂದೆ.

ಮೂಳೆಯ ಸಾಂದ್ರತೆ ಕಡಿಮೆ ಬಂದದ್ದರಿಂದ ತಕ್ಷಣ ಆಗಲಿಲ್ಲ. ಮೆತ್ತಗಿನ ಮೂಳೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಮೂಳೆ ಗಟ್ಟಿ ಮಾಡುವ ಟೆರಿಪ್ಯಾರಟೈಡ್ ಇಂಜೆಕ್ಷನ್ ದಿನಾ ಹೊಟ್ಟೆಗೆ ನಾನೇ ಚುಚ್ಚಿಕೊಳ್ಳುತ್ತೇನೆ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಅದರ ಪೆನ್ನು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ಲಿನಲ್ಲಿ ಭರ್ತಿ.

ಅಪ್ಪನಿಗೆ ಈಗ 84. ವಿಷಯ ತಿಳಿದಾಗಿನಿಂದ ಫೋನಿನಲ್ಲಿ ಒಂದೇ ಮಾತು: "ಆಗ ನಾನು ತಪ್ಪು ಮಾಡ್ಬಿಟ್ನೇನಮ್ಮ?" ಆಗ ನಮಗೆ ಸಿಕ್ಕಿದ್ದೇ ಆ ರಾಡು, ಹಾಕಿಸದಿದ್ದರೆ ಸೊಟ್ಟ ಬೆಳೆಯುತ್ತಲೇ ಇರುತ್ತಿತ್ತು ಎಂದರೂ ನಂಬಲಿಲ್ಲ. ಹೋದ ಭಾನುವಾರ ಎಕ್ಸ್-ರೇ ತೆಗೆದುಕೊಂಡು ಹೋಗಿ ಕಿಟಕಿಯ ಬೆಳಕಿಗೆ ಹಿಡಿದೆ. ಮೇಲಿನ ಮೂಳೆಗಳು ಒಂದೇ ಕಂಬವಾಗಿ ಕೂಡಿಕೊಂಡಿವೆ, ಅದನ್ನು ಮುಟ್ಟುವುದಿಲ್ಲ, ರಾಡನ್ನು ನಡುವೆ ಕತ್ತರಿಸಿ ಕೆಳಗಿನ ತುಂಡನ್ನಷ್ಟೇ ತೆಗೆಯುತ್ತಾರೆ ಎಂದೆ. ಅಪ್ಪ ಬೆರಳಿನಿಂದ ಆ ಬಿಳಿ ಗೆರೆಯನ್ನು ಮೇಲಿನ ಕೊಕ್ಕೆಯವರೆಗೆ ಸವರಿದರು.

"ಹಂಗಾದ್ರೆ ಅರ್ಧ ಉಳಿಸ್ಕೋತಾರಾ?"

"ಹ್ಞೂಂ ಅಪ್ಪ, ಮೇಲಿನ ಅರ್ಧ."

ಎಕ್ಸ್-ರೇಯನ್ನು ಕವರಿಗೆ ಅವರೇ ಹಾಕಿಕೊಟ್ಟರು. ಏಪ್ರಿಲ್ಲಿನಲ್ಲಿ ಯಾವ ತಾರೀಕು ಎಂದು ಕೇಳಿ, ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು.