ಕಾಂತದ ಹೊಡೆತ, ಕಾಣದ ಅಕ್ಷರ: ಪ್ರಾಜೆಕ್ಟ್ ಎಲ್ಲಿಗೆ ಬಂತು

ತಲೆಯ ಹೊರಗೆ ಹಿಡಿದ ಸುರುಳಿ, ಕಣ್ಣೆದುರಿನ ಅಕ್ಷರವನ್ನು ಕಾಣದಂತೆ ಮಾಡಬಲ್ಲದು. ಬಾಗಲಕೋಟೆ ನವನಗರದ ನಮ್ಮ ಓಣಿಯ ಹುಡುಗರಿಗೆ ಇದನ್ನು ಬರೀ ಬಾಯಲ್ಲಿ ಹೇಳಿದರೆ ಸಾಲದು, ಅಲ್ವಾ? ಅದಕ್ಕೇ ಈ ಪ್ರಾಜೆಕ್ಟ್.

ಸುರುಳಿಯ ಭಾಗ ಮುಗಿಯಿತು. ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಮಾಡುವ ಕಾಕಾ ಉಳಿದ ತಾಮ್ರದ ತಂತಿ ಕೊಟ್ಟರು. ದಪ್ಪ ಬೋಲ್ಟಿಗೆ ಎರಡು ಸುರುಳಿ ಸುತ್ತಿದೆ. ಒಂದಕ್ಕೆ ಬ್ಯಾಟರಿ. ಹೆಚ್ಚು ಸುತ್ತಿನ ಇನ್ನೊಂದಕ್ಕೆ ಒಂದಕ್ಕೊಂದು ಉಲ್ಟಾ ಜೋಡಿಸಿದ ಎರಡು ಎಲ್‌ಇಡಿ. ಸ್ವಿಚ್ ಒತ್ತಿದರೆ ಒಂದು ಮಿಣಕ್, ಬಿಟ್ಟರೆ ಇನ್ನೊಂದು. ಒತ್ತಿ ಹಿಡಿದರೆ ಏನೂ ಇಲ್ಲ. ಕಾಂತಕ್ಷೇತ್ರ ಬದಲಾದಾಗ ಮಾತ್ರ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ್ದು ಇದನ್ನೇ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಆಂಟನಿ ಬಾರ್ಕರ್ ತಂಡ ಎರಡನೇ ಸುರುಳಿಯ ಜಾಗಕ್ಕೆ ಮಿದುಳನ್ನೇ ತಂದಿತು: ತಲೆಯ ಹೊರಗೆ ಹಿಡಿದ ಸುರುಳಿಯ ಕ್ಷೇತ್ರ ಬದಲಾದರೆ ಮಿದುಳಿನಲ್ಲೇ ಕರೆಂಟ್ ಹುಟ್ಟುತ್ತದೆ.

"ನಮ್ಮ ತಲಿಗೆ ಹಿಡೀರಿ ಸರ" ಅಂತ ಹುಡುಗರ ಹಟ. ನನ್ನ ಈ ಸುರುಳಿಯಿಂದ ಏನೂ ಆಗುವುದಿಲ್ಲ. ಮಿದುಳಿಗೆ ಹೊಡೆತ ಕೊಡುವ ನಿಜವಾದ ಯಂತ್ರದಲ್ಲಿ ಸಾವಿರಾರು ಆಂಪಿಯರ್ ಹರಿಯುತ್ತದೆ, ಕ್ಷೇತ್ರ 1ರಿಂದ 2 ಟೆಸ್ಲಾ. ಅದನ್ನು ಮನೆಯಲ್ಲಿ ಮಾಡಲು ಹೋಗಲೇಬಾರದು, ಜೀವಕ್ಕೇ ಅಪಾಯ.

ನೋಟವನ್ನು ನೋಡಿಕೊಳ್ಳುವ ಮಿದುಳಿನ ಭಾಗ ಇರುವುದು ತಲೆಯ ಹಿಂಭಾಗದಲ್ಲಿ. ಅಲ್ಲಿಗೆ ಆ ಹೊಡೆತ ಬಿದ್ದರೆ ಕಣ್ಣು ಮುಚ್ಚಿದ್ದರೂ ಬೆಳಕು ಮಿನುಗುವುದುಂಟು. ಎಡಕ್ಕೆ ಹೊಡೆದರೆ ಮಿನುಗು ಬಲಕ್ಕೆ. ಆದರೆ ನನ್ನನ್ನು ಹಿಡಿದಿಟ್ಟಿದ್ದು 1989ರ ಅಮಾಸಿಯನ್ ತಂಡದ ಪ್ರಯೋಗ. ಅಕ್ಷರಗಳನ್ನು ಕ್ಷಣಮಾತ್ರ ತೋರಿಸಿ, ಸುಮಾರು 80ರಿಂದ 100 ಮಿಲಿಸೆಕೆಂಡ್ ನಂತರ ಹೊಡೆತ ಕೊಟ್ಟರೆ ಜನರಿಗೆ ಅಕ್ಷರ ಓದಲು ಆಗುತ್ತಿರಲಿಲ್ಲ. ತೀರಾ ಬೇಗ ಅಥವಾ ತಡವಾಗಿ ಕೊಟ್ಟರೆ ಓದುತ್ತಿದ್ದರು. ಅಂದರೆ ನೋಡೋದಕ್ಕೆ ಟೈಮ್ ಬೇಕು. ಅದು ಮುಗಿಯುವ ಮುಂಚೆ ಕೆಡಿಸಬಹುದು.

ಎರಡನೇ ಭಾಗ ಈಗ ನಡೆಯುತ್ತಿದೆ. ಕಾಂತವಿಲ್ಲ, ಬರೀ ಪರದೆ. 60 ಹರ್ಟ್ಸ್ ಮಾನಿಟರ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ಒಂದು ಫ್ರೇಮ್ 'ಠ', ಆಮೇಲೆ ಅದೇ ಜಾಗದಲ್ಲಿ ಅಡ್ಡಾದಿಡ್ಡಿ ಗೆರೆಗಳು. ಗೆರೆ ಎರಡು ಫ್ರೇಮ್ ಬಿಟ್ಟು ಬಂದರೆ ಪಕ್ಕದ ಮನೆಯ ಹುಡುಗ, "ಬರೇ ಗೆರಿ ಕಂಡವು, ಅಕ್ಷರ ಎಲ್ಲೈತ್ರಿ?" ಅಂದ. ಹತ್ತು ಫ್ರೇಮ್ ಬಿಟ್ಟರೆ ಥಟ್ಟನೆ ಓದಿದ.

ಇದು ಕಾಂತದ ಪ್ರಯೋಗವೇ ಅಲ್ಲ. ಗೆರೆ ಕಣ್ಣಿನ ದಾರಿಯಲ್ಲೇ ಬರಬೇಕು, ಕಾಂತದ ಹೊಡೆತ ನೇರ ಮಿದುಳಿಗೆ. ಹಾಗಾಗಿ ಎರಡರ ಮಿಲಿಸೆಕೆಂಡುಗಳನ್ನು ಸುಮ್ನೆ ಹೋಲಿಸಬಾರದು. ಇದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ.

ಅದಕ್ಕೂ ಮೊದಲು, ಅಕ್ಷರ ನಿಜವಾಗಿ ಒಂದೇ ಫ್ರೇಮ್ ನಿಲ್ಲುತ್ತಿದೆಯಾ ಅಂತ ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ನೋಡಬೇಕು.