ವಸಂತರಾಯ ಯಾವಾಗ ಬರ್ತಾನೆ?

ಕಲಬುರಗಿ
27 ಏಪ್ರಿಲ್ 2025, ಭಾನುವಾರ

ಅಕ್ಕನ ಮಗ ಒಂದು ಕಾದಂಬರಿ ಬರೆದಿದ್ದಾನೆ. ಫ್ಯಾಂಟಸಿ. ಓದುವುದು ಇಂಜಿನಿಯರಿಂಗ್, ಬರೆಯುವುದು ರಾಜ, ರಾಕ್ಷಸ, ಮಾತಾಡುವ ಹದ್ದು. ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ ಮೊನ್ನೆ ಕೊಟ್ಟು ಹೋಗಿದ್ದ. ಇವತ್ತು ಬಿಸಿಲಿಗೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಕೂಲರ್ ಮುಂದೆ ಕೂತು ಓದಿ ಮುಗಿಸಿದೆ.

ಹುಡುಗ ಚೆನ್ನಾಗಿ ಬರೆಯುತ್ತಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಅವನೂ ಈ ಬ್ಲಾಗ್ ಓದುತ್ತಾನೆ. ಅವನ ಕೋಟೆಗೆ ಮೂರು ಸುತ್ತಿನ ಕಂದಕ ಇದೆ, ಗೋಡೆಯೆಲ್ಲ ಕೆಂಪು ಜಂಬಿಟ್ಟಿಗೆ. ಬೀದರ್ ಕೋಟೆ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಎದೆಮಟ್ಟದ ನೀರಿರುವ ಒಂದು ಸುರಂಗವೂ ಇದೆ, ತಲೆ ಮೇಲೆ ಬಾವಲಿಗಳು, ಕೊನೆಗೆ ಕತ್ತಲಲ್ಲಿ ಒಂದು ಮೂರ್ತಿ. ಅದು ಬೀದರಿನ ಝರಣಿ ನರಸಿಂಹ. ಚಿಕ್ಕವನಿದ್ದಾಗ ನನ್ನ ಹೆಗಲ ಮೇಲೆ ಕೂತು ಆ ನೀರು ದಾಟಿದ್ದ, ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದ. ಈಗ ಅದನ್ನೇ ಹತ್ತು ಪುಟ ಬರೆದಿದ್ದಾನೆ.

ನನ್ನ ತಕರಾರು ಇರುವುದು ಮೊದಲ ಪುಟದ ಬಗ್ಗೆ. ಅಲ್ಲಿ ನಾಲ್ಕು ಸಾಲಿನ ಭವಿಷ್ಯವಾಣಿ. ಎಡಗೈಯಲ್ಲಿ ಮಚ್ಚೆ ಇರುವ, ಕುರಿ ಕಾಯುವ ಹುಡುಗ ಗ್ರಹಣದ ದಿನ ಬಂದು ಸಿಂಹಾಸನ ಏರುತ್ತಾನೆ. ಕೊನೆಯ ಪುಟದಲ್ಲಿ ಹುಡುಗ ಬರುತ್ತಾನೆ, ಮಚ್ಚೆ ತೋರಿಸುತ್ತಾನೆ, ಗ್ರಹಣ ಹಿಡಿಯುತ್ತದೆ, ಏರುತ್ತಾನೆ. ಕನ್ಫರ್ಮ್ ಆದ ರೈಲ್ವೆ ಟಿಕೆಟ್ ಇದ್ದ ಹಾಗೆ. ಬೋಗಿ, ಸೀಟು, ಹೊತ್ತು ಎಲ್ಲ ಅಚ್ಚಾಗಿದೆ, ಹತ್ತಿ ಕೂತರಾಯ್ತು.

ಸಂಜೆ ಚಹಾಕ್ಕೆ ಬಂದಾಗ ಇದನ್ನೇ ಅಂದೆ. ಮುಖ ಸಣ್ಣ ಮಾಡಿದ.

"ಮಾಮಾ, ಫ್ಯಾಂಟಸಿ ಅಂದ್ರ ಭವಿಷ್ಯವಾಣಿ ಇರಲೇಬೇಕು. ಎಲ್ಲಾ ದೊಡ್ಡ ಬುಕ್ಕಿನ್ಯಾಗೂ ಅದ."

ಅದ, ಖರೆ. ಆದರೆ ಯಾರ ಬಾಯಲ್ಲಿ ಇದೆ ಅಂತ ನೋಡಬೇಕಲ್ವಾ.

ಅವನಿಗೆ ಟೋಲ್ಕಿನ್ ಅಂದರೆ ದೇವರು. ಅವರನ್ನೇ ತಗೊಳ್ಳೋಣ ಅಂದೆ. ಟೋಲ್ಕಿನ್ ಅಪ್ಪಟ ಕ್ಯಾಥೊಲಿಕ್. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅಚ್ಚಾಗಿದ್ದು 1954-55ರಲ್ಲಿ. ಅದಕ್ಕೂ ಮುಂಚೆ, 1953ರಲ್ಲಿ, ಗೆಳೆಯರೊಬ್ಬರಿಗೆ ಕಾಗದ ಬರೆಯುತ್ತಾ ಇದು ಮೂಲದಲ್ಲಿ ಧಾರ್ಮಿಕ, ಕ್ಯಾಥೊಲಿಕ್ ಕೃತಿ ಅಂತ ಅವರೇ ಹೇಳಿಕೊಂಡಿದ್ದಾರೆ. ಮೊದಲು ಗೊತ್ತಿಲ್ಲದೆ ಹಾಗಾಯಿತು, ತಿದ್ದುವಾಗ ಗೊತ್ತಿದ್ದೇ ಮಾಡಿದೆ ಅಂತಲೂ ಸೇರಿಸಿದ್ದಾರೆ. ಆದರೆ ಪುಸ್ತಕ ತೆಗೆದು ನೋಡಿ. ಚರ್ಚಿಲ್ಲ, ಪಾದ್ರಿ ಇಲ್ಲ, ಪೂಜೆ ಅನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಧರ್ಮ ಕಥೆಯೊಳಗೆ ಕರಗಿಹೋಗಿದೆ. ಉಂಗುರ ಬೆಂಕಿಗೆ ಬಿದ್ದು ದುಷ್ಟನ ಆಟ ಮುಗಿಯುವ ದಿನ ಮಾರ್ಚ್ 25. ದೇವದೂತ ಮರಿಯಮ್ಮನಿಗೆ ಸುದ್ದಿ ತಂದ ದಿನ ಅಂತ ಕ್ರೈಸ್ತರು ಆಚರಿಸುವುದು ಅದೇ ತಾರೀಖು. ಯೇಸು ಶಿಲುಬೆಗೇರಿದ್ದೂ ಆ ದಿನವೇ ಅನ್ನುವುದು ಅವರಲ್ಲಿನ ಹಳೆಯ ನಂಬಿಕೆ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಗೊತ್ತಿಲ್ಲದವರು ಸುಮ್ನೆ ಒಂದು ತಾರೀಖು ಅಂದುಕೊಂಡು ಮುಂದೆ ಹೋಗುತ್ತಾರೆ.

ಅವರ ಗೆಳೆಯ ಸಿ. ಎಸ್. ಲೂಯಿಸ್ ಹಾಗಲ್ಲ. ನಾರ್ನಿಯಾದಲ್ಲಿ ತಪ್ಪು ಮಾಡಿದ ಹುಡುಗನ ಬದಲು ಸಿಂಹ ತಾನು ಸಾಯುತ್ತದೆ, ಆಮೇಲೆ ಎದ್ದು ಬರುತ್ತದೆ. ಬೈಬಲ್ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟೋಲ್ಕಿನ್‌ಗೆ ಅದು ಹಿಡಿಸಲಿಲ್ಲ. ನನಗೂ ಅಷ್ಟೇ.

ಟೋಲ್ಕಿನ್‌ನಲ್ಲಿ ನನಗೆ ಇಷ್ಟವಾಗುವುದು ಒಬ್ಬಳು ಮುದುಕಿ. ಯುದ್ಧ ಆಗಿದೆ, ಗಾಯಾಳುಗಳನ್ನು ತಂದು ಮಲಗಿಸಿದ್ದಾರೆ, ಯಾವ ಔಷಧಿಯೂ ನಾಟುತ್ತಿಲ್ಲ. ಆರೈಕೆ ಮಾಡುವ ಮುದುಕಿ ಅಯೊರೆತ್ ಅಳುತ್ತಾ ಗೊಣಗುತ್ತಾಳೆ: ಹಿಂದಿನ ಕಾಲದ ಹಾಗೆ ರಾಜರು ಇರಬೇಕಿತ್ತು, ರಾಜನ ಕೈ ಅಂದರೆ ವಾಸಿ ಮಾಡುವ ಕೈ ಅಂತಾರೆ, ನಿಜವಾದ ರಾಜ ಯಾರು ಅಂತ ಅದರಿಂದಲೇ ಗೊತ್ತಾಗುತ್ತಿತ್ತಂತೆ. ಅಷ್ಟು ದೊಡ್ಡ ಮಂತ್ರವಾದಿ ಗ್ಯಾಂಡಾಲ್ಫ್ ಪಕ್ಕದಲ್ಲೇ ನಿಂತಿದ್ದಾನೆ. ಅವನಿಗೆ ಹೊಳೆಯುವುದು ಮುದುಕಿಯ ಮಾತು ಕಿವಿಗೆ ಬಿದ್ದ ಮೇಲೆ. ಓಡಿಹೋಗಿ ರಾಜವಂಶದ ಅರಗಾರ್ನ್‌ನನ್ನು ಕರೆತರುತ್ತಾನೆ.

ಇದು ಟೋಲ್ಕಿನ್ ಗಾಳಿಯಲ್ಲಿ ಹಿಡಿದಿದ್ದಲ್ಲ. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ರಾಜ ಮುಟ್ಟಿದರೆ ಗಂಡಮಾಲೆ ವಾಸಿಯಾಗುತ್ತದೆ ಅಂತ ಶತಮಾನಗಟ್ಟಲೆ ಜನ ನಂಬಿದ್ದರು. ಡಿಕ್ಷನರಿ ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಇದ್ದಾರಲ್ಲ, ಅವರನ್ನು ಕೂಸಿದ್ದಾಗ 1712ರಲ್ಲಿ ಆನ್ ರಾಣಿಯ ಹತ್ತಿರ ಮುಟ್ಟಿಸಲು ಒಯ್ದಿದ್ದರು. ರಾಣಿ ಮುಟ್ಟಿದಳು. ವಾಸಿಯಾಗಲಿಲ್ಲ.

ಇಷ್ಟು ದೂರ ಯಾಕೆ ಹೋಗಬೇಕು, ನಮ್ಮ ಅಷ್ಟೂರು ಇದೆಯಲ್ಲ. ಬೀದರಿನ ಹೊರಗೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ಅದರಲ್ಲಿ ಒಂದು 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹನದು. ಗುಮ್ಮಟದ ಒಳಗೆ ಬಣ್ಣ ಇನ್ನೂ ಉಳಿದಿದೆ. ಬರಗಾಲದಲ್ಲಿ ಗುಡ್ಡ ಹತ್ತಿ ಪ್ರಾರ್ಥನೆ ಮಾಡಿದ, ಮಳೆ ಬಂತು, ಅವತ್ತಿನಿಂದ ಜನ ಅವನನ್ನು ವಲಿ, ಅಂದರೆ ಸಂತ, ಅಂದರು ಅನ್ನುವುದು ಕಥೆ. ಲಿಂಗಾಯತರು ಅವನನ್ನೇ ಅಲ್ಲಮಪ್ರಭುವಿನ ಅವತಾರ ಅನ್ನುತ್ತಾರೆ. ಉರುಸಿಗೆ ನಮ್ಮ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಒಂದೇ ಗೋರಿ, ಎರಡು ನಂಬಿಕೆ, ಜಗಳ ಇಲ್ಲ. ಈ ರಾಜ ಮಾಮೂಲಿ ರಾಜ ಅಲ್ಲ ಅಂತ ತೀರ್ಮಾನ ಮಾಡಿದವರು ಜನ. ಮಳೆ ಬಂದಿದ್ದನ್ನು ಕಂಡರು, ಮಾಡಿದರು.

"ಅದು ಹಿಸ್ಟರಿ ಮಾಮಾ. ನಾ ಭವಿಷ್ಯ ಕೇಳ್ಲಕತ್ತೀನಿ," ಅಂದ.

ಸರಿ, ಭವಿಷ್ಯಕ್ಕೇ ಬರೋಣ. ಕಾಲಜ್ಞಾನ ಕೇಳಿದ್ದೀಯಾ ಅಂದೆ. ಯೂಟ್ಯೂಬಿನಲ್ಲಿ ಕೇಳಿದ್ದಾನಂತೆ, ಭೂಕಂಪ ಮತ್ತು ಚುನಾವಣೆ ಬಗ್ಗೆ. ಅಯ್ಯೋ.

ಈ ಬುಧವಾರ ಬಸವ ಜಯಂತಿ. ಜಗತ್ ಸರ್ಕಲ್ ಕಡೆ ಆಗಲೇ ದೀಪದ ಸರ ಕಟ್ಟುತ್ತಿದ್ದಾರೆ. ಭಾಷಣಗಳಲ್ಲಿ ಅನುಭವ ಮಂಟಪದ ಮಾತು ಬರುತ್ತದೆ. ಆಮೇಲೆ ಏನಾಯಿತು ಅನ್ನುವುದು ಅಷ್ಟಾಗಿ ಬರುವುದಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು. ಬಿಜ್ಜಳ ಇಬ್ಬರೂ ತಂದೆಯರಿಗೆ ಎಳೆಹೂಟೆ ಶಿಕ್ಷೆ ಕೊಟ್ಟ, ಅಂದರೆ ಆನೆ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದ. ಬಿಜ್ಜಳನ ಕೊಲೆ ಆಯಿತು. ಶರಣರು ದಿಕ್ಕಾಪಾಲಾದರು, ಚನ್ನಬಸವಣ್ಣನವರು ಉಳವಿಯ ಕಡೆ ಹೋದರು. ಕಲ್ಯಾಣ ಹಾಳಾಯಿತು.

ಹಾಳಾದ ಮೇಲೆ ಹುಟ್ಟಿದ್ದು ಕಾಲಜ್ಞಾನ. ವೀರ ವಸಂತರಾಯ ಬರುತ್ತಾನೆ, ಕಲ್ಯಾಣ ಮತ್ತೆ ಕಲ್ಯಾಣವಾಗುತ್ತದೆ ಅಂತ. ಚನ್ನಬಸವಣ್ಣನವರ ಹೆಸರಿನಲ್ಲೂ ಕಾಲಜ್ಞಾನ ಇದೆ. ಪಕ್ಕದ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ 16ನೇ ಶತಮಾನದ ಕೊಡೇಕಲ್ಲ ಬಸವಣ್ಣನ ಪರಂಪರೆ ಇದೆ. ಅವರ ಕಾಲಜ್ಞಾನದ ತಾಳೆಗರಿಗಳು ಅಮರಗನ್ನಡ ಅನ್ನುವ ಬೇರೆಯದೇ ಲಿಪಿಯಲ್ಲಿವೆ. ಕನ್ನಡ ಬಲ್ಲವರಿಗೆಲ್ಲ ಅದು ಓದಲು ಬರುವುದಿಲ್ಲ, ಕಲಿಯಬೇಕು. ಇದನ್ನು ಹೇಳಿದಾಗ ಮಾತ್ರ ಹುಡುಗ ಚಹಾ ಕೆಳಗಿಟ್ಟ. ಟೋಲ್ಕಿನ್ ತಮ್ಮ ಕಥೆಯ ಎಲ್ಫ್ ಜನಕ್ಕೆ ಅಂತ ಕೂತು ಲಿಪಿ ಸೃಷ್ಟಿಸಿದರು ಅಂತ ನನಗೆ ಪಾಠ ಮಾಡಿದವನು ಇವನೇ. ಬಸ್ ಹಿಡಿದರೆ ಒಂದೇ ದಿನಕ್ಕೆ ಹೋಗಿ ಬರುವಷ್ಟು ಹತ್ತಿರದಲ್ಲಿ ಇಂಥದ್ದು ಇದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ನನಗೆ ವಸಂತರಾಯ ಗೊತ್ತಾಗಿದ್ದು ಮುತ್ಯಾನಿಂದ, ಅಂದರೆ ಅಜ್ಜನಿಂದ. ಓದು ಬರಹ ಅಷ್ಟಕ್ಕಷ್ಟೇ. ಮಳೆ ಕೈಕೊಟ್ಟರೆ, ತೊಗರಿ ರೇಟ್ ಬಿದ್ದರೆ, ಊರಲ್ಲಿ ಯಾರಾದರೂ ಅಣ್ಣತಮ್ಮಂದಿರು ಹೊಲದ ಬದುವಿಗೆ ಹೊಡೆದಾಡಿದರೆ ಮುತ್ಯಾ ಎಲೆ ಅಡಿಕೆ ಬಾಯಿಗಿಟ್ಟುಕೊಂಡು, "ಬರ್ಲಕತ್ತಾನ, ವಸಂತರಾಯ ಬರ್ಲಕತ್ತಾನ" ಅನ್ನುತ್ತಿದ್ದ. ಅದರಲ್ಲಿ ಅರ್ಧ ತಮಾಷೆ, ಅರ್ಧ ನಂಬಿಕೆ. ಬರುವವನು ಹೇಗಿರುತ್ತಾನೆ ಅಂತ ಕೇಳಿದರೆ ದಿನಕ್ಕೊಂದು ಥರ ಹೇಳುತ್ತಿದ್ದ. ಒಮ್ಮೆ ಕುದುರೆ, ಒಮ್ಮೆ ನಡಕೊಂಡು. ಬರುವವನಿಗಾಗಿ ಬಿತ್ತನೆ ಮಾತ್ರ ಒಂದು ದಿನವೂ ಮುಂದಕ್ಕೆ ಹಾಕಿದವನಲ್ಲ.

ಹುಡುಗನ ಕಾದಂಬರಿಯಲ್ಲಿ ಇರಬೇಕಿದ್ದದ್ದು ಮುತ್ಯಾ. ನಾಲ್ಕು ಸಾಲಿನ ಪದ್ಯ ಗ್ರಂಥದಿಂದ ಎತ್ತಿದ ಹಾಗೆ ಕಾಣುತ್ತದೆ, ಆದರೆ ಅವನ ರಾಜ್ಯದಲ್ಲಿ ಅದನ್ನು ನಂಬುವವರು ಒಬ್ಬರೂ ಇಲ್ಲ. ಮಾರ್ಕೆಟ್ಟಿನಲ್ಲಿ ಅದರ ಮಾತಿಲ್ಲ. ಅದಕ್ಕಾಗಿ ಮದುವೆ ಮುರಿದವರಿಲ್ಲ, ಮಗನಿಗೆ ಆ ಹೆಸರಿಟ್ಟವರಿಲ್ಲ, ಸುಳ್ಳು ಮಚ್ಚೆ ಹಚ್ಚೆ ಹಾಕಿಸಿಕೊಂಡು ಸಿಕ್ಕಿಬಿದ್ದವರಿಲ್ಲ. ರಾಜ ಬಂದಾಗ "ಓ ಬಂದ್ಯಾ" ಅನ್ನಲೂ ಯಾರೂ ಇಲ್ಲ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದವರು ಫ್ರಾಂಕ್ ಹರ್ಬರ್ಟ್ ಅಂತ ನನ್ನ ಅಭಿಪ್ರಾಯ. 'ಡ್ಯೂನ್', 1965.

"ಅದು ಸೈನ್ಸ್ ಫಿಕ್ಷನ್ ಮಾಮಾ."

ಮರುಭೂಮಿಯಲ್ಲಿ ಹುಳದ ಬೆನ್ನೇರಿ ಸವಾರಿ ಮಾಡುವುದು ಯಾವ ಸೈನ್ಸು ಅಂದೆ. ನಕ್ಕ. ಅಲ್ಲಿ ಮರುಭೂಮಿಯ ಜನ ಒಬ್ಬ ಮಹದಿಗೆ, ಅಂದರೆ ಉದ್ಧಾರಕನಿಗೆ, ಕಾಯುತ್ತಿದ್ದಾರೆ. ಪದ ಇಸ್ಲಾಮಿನದೇ, ಕಾಯುವ ರೀತಿಯೂ. ಆದರೆ ಅವರ ಕಥೆಗಳಲ್ಲಿ ಬೀಜ ಹಾಕಿದವರು ಬೇರೆ. ಮಠದಂಥ ಒಂದು ಸಂಸ್ಥೆಯ ಹೆಂಗಸರು ಊರೂರಿಗೆ, ಅಲ್ಲ, ಗ್ರಹಗ್ರಹಕ್ಕೆ ಹೋಗಿ ಇಂಥ ಕಥೆಗಳನ್ನು ಬಿತ್ತಿ ಬಂದಿರುತ್ತಾರೆ. ಮುಂದೆ ಯಾವತ್ತಾದರೂ ತಮ್ಮವರು ಕಷ್ಟಕ್ಕೆ ಸಿಕ್ಕರೆ ಉಪಯೋಗಕ್ಕೆ ಬರಲಿ ಅಂತ. ಕಥಾನಾಯಕ ಪೌಲ್ ಮತ್ತು ಅವನ ತಾಯಿ ಅಲ್ಲಿಗೆ ಬಂದು ಬಿದ್ದಾಗ ಅಚ್ಚು ರೆಡಿ ಇರುತ್ತದೆ. ಅವನಿಗೂ ಇದು ಗೊತ್ತು. ಗೊತ್ತಿದ್ದೂ ತಪ್ಪಿಸಿಕೊಳ್ಳಲಾಗುವುದಿಲ್ಲ, ಯಾಕಂದ್ರೆ ನಂಬಿದವರ ನಂಬಿಕೆ ಸುಳ್ಳಲ್ಲ. 1969ರಲ್ಲಿ ಬಂದ ಎರಡನೇ ಪುಸ್ತಕದಲ್ಲಿ ತನ್ನ ಹೆಸರಿನಲ್ಲಿ ಸತ್ತವರ ಲೆಕ್ಕವನ್ನು ಅವನೇ ಹೇಳುತ್ತಾನೆ: 6,100 ಕೋಟಿ. ಅದೂ ಕಡಿಮೆ ಹಿಡಿದು.

ಹುಡುಗ ಸುಲಭಕ್ಕೆ ಸೋಲುವವನಲ್ಲ. ಅವನ ಪಾಯಿಂಟು ಇದು: ಓದುವವರು ದುಡ್ಡು ಕೊಟ್ಟಿರುತ್ತಾರೆ, ಹೇಳಿದ ಮಾತು ಕೊನೆಗೆ ನಿಜ ಆಗಲೇಬೇಕು, ಇಲ್ಲದಿದ್ದರೆ ಬೈತಾರೆ. ಹಿರಣ್ಯಕಶಿಪುವಿನ ಉದಾಹರಣೆ ಕೊಟ್ಟ. ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ. ವರದ ಒಂದೊಂದು ಮಾತೂ ನಿಜವಾಗುತ್ತದೆ, ಆದರೂ ಅವನು ಸಾಯುತ್ತಾನೆ. ಟೋಲ್ಕಿನ್‌ನಲ್ಲೂ ಗಂಡಸಿನ ಕೈಯಲ್ಲಿ ಸಾವಿಲ್ಲ ಅಂತ ಮೆರೆದವನನ್ನು ಕೊಂದಿದ್ದು ಹೆಣ್ಣುಮಗಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಳ್ಳೆ ಪಾಯಿಂಟು. ಆದರೆ ಅದು ಮಚ್ಚೆ, ಗ್ರಹಣಕ್ಕೆ ಅನ್ವಯ ಆಗಲ್ಲ ಅಂತ ಮಾತ್ರ ಅಂದೆ.

ನಿಜವಾದ ಭವಿಷ್ಯವಾಣಿ ನೋಡಬೇಕಾದರೆ ಹೂವಿನಹಡಗಲಿ ಕಡೆ ಮೈಲಾರಕ್ಕೆ ಹೋಗಬೇಕು. ಲಕ್ಷಗಟ್ಟಲೆ ಜನ. ಗೊರವಯ್ಯ ಬಿಲ್ಲು ಏರುತ್ತಾನೆ. "ಸದ್ದಲೇ" ಅಂತ ಒಂದು ಕೂಗು, ಅಷ್ಟು ಜನ ಗಪ್‌ಚುಪ್. ಒಂದು ಸಾಲು ನುಡಿಯುತ್ತಾನೆ, ಅದೇ ಕಾರ್ಣಿಕ, ಕೊನೆಗೆ ಪರಾಕ್, ಮೇಲಿಂದ ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಮುಗಿಯಿತು. ಆಮೇಲೆ ಒಂದು ವರ್ಷ ಚಹಾದಂಗಡಿಯಲ್ಲಿ ಜಗಳ. ಮಳೆ ಬಗ್ಗೆ ಅಂದಿದ್ದು ಅಂತ ಒಬ್ಬ, ಸರ್ಕಾರ ಬೀಳುತ್ತದೆ ಅಂತ ಇನ್ನೊಬ್ಬ. ಎರಡೂ ಆಗದಿದ್ದರೆ ನಾವು ತಪ್ಪು ತಿಳಿದೆವು ಅನ್ನುತ್ತಾರೆ, ಕಾರ್ಣಿಕ ಸುಳ್ಳಾಯಿತು ಅನ್ನುವುದಿಲ್ಲ.

"ಹಂಗಾದ್ರ ವಸಂತರಾಯನ ಹೆಸರೇ ಹಾಕ್ಲೇನು?" ಅಂದ.

ಬೇಡ ಅಂದೆ. ಹೆದರಿಕೆಗೆ ಅಷ್ಟೇ ಅಲ್ಲ, ಅದೂ ಸ್ವಲ್ಪ ಇದೆ. ಗ್ರೀಕರ ದೇವರು ಝ್ಯೂಸ್‌ನ ತೇರು ಎಳೆಯುವವರು ಈಗ ನಮ್ಮ ಬೀದಿಯಲ್ಲಿಲ್ಲ. ಅವನನ್ನು ಹೇಗೆ ಬೇಕಾದರೂ ಬರೆಯಬಹುದು. ನಮ್ಮಲ್ಲಿ ಹೆಸರು ಹಾಕಿದ ಕೂಡಲೇ ಓದುವವನು ಕಥೆ ಬಿಟ್ಟು ಹೆಸರನ್ನು ಕಾಯಲು ಶುರು ಮಾಡುತ್ತಾನೆ, ಬರೆಯುವವನ ಕೈಯೂ ಬಿಗಿಯಾಗುತ್ತದೆ. ಈಗ ಬರುವ ಎಷ್ಟೋ ಪುರಾಣದ ಥ್ರಿಲ್ಲರುಗಳಲ್ಲಿ ಇದೇ ಕಾಯಿಲೆ. ಅಸ್ತ್ರಗಳ ಹೆಸರೆಲ್ಲ ಸರಿ ಇರುತ್ತದೆ, ನಂಬಿಕೆಯ ವಾಸನೆಯೇ ಇರುವುದಿಲ್ಲ. ಟೋಲ್ಕಿನ್ ಯೇಸುವಿನ ಹೆಸರು ಬರೆಯಲಿಲ್ಲ, ತಾರೀಖು ಬರೆದರು.

ಒಂಬತ್ತಕ್ಕೆ ಎದ್ದು ಹೋದ. ಹತ್ತೂವರೆಗೆ ವಾಟ್ಸಾಪ್ ಬಂತು. ಮೊದಲ ಪುಟ ತೆಗೆದಿದ್ದಾನೆ. ಈಗ ಕಥೆ ಸಂತೆಯಲ್ಲಿ ಶುರುವಾಗುತ್ತದೆ, ಬಳೆ ಮಾರುವವಳಿಗೂ ತಕ್ಕಡಿಯವನಿಗೂ ಜಗಳ, ಬರುವವನ ಮಚ್ಚೆ ಎಡಗೈಗೋ ಬಲಗೈಗೋ ಅಂತ. ಗ್ರಹಣವನ್ನು ಮಾತ್ರ ಬಿಟ್ಟಿಲ್ಲ ಮಹರಾಯ. ಏಳನೇ ಅಧ್ಯಾಯದ ಯುದ್ಧದ ಬಗ್ಗೆ ಇನ್ನೂ ಮಾತಾಡಿಯೇ ಇಲ್ಲ, ಅದು ಬಹಳ ಉದ್ದವಾಯಿತು. ಬುಧವಾರ ರಜೆ ಇದೆ, ಮೆರವಣಿಗೆ ಮುಗಿಸಿಕೊಂಡು ಬಾ ಅಂತ ಹೇಳಿದ್ದೇನೆ.